ಹರಾಜುಕುವಿನ ವೇಷವಿಲಾಸ

ಟೋಕಿಯೋ ಪಟ್ಟಣದ ಹರಾಜುಕು ನಿಲ್ದಾಣದಲ್ಲಿ ರೈಲಿನಿಂದಿಳಿದವನಿಗೆ ಎರಡು ದಾರಿಗಳುಂಟು. ಒಂದು, ಸೇತುವೆಯನ್ನು ದಾಟಿ, ಮೇಯಿಜಿ ಚಕ್ರವರ್ತಿಗಾಗಿ ೧೯೨೦ರಲ್ಲಿ ನಿರ್ಮಿತವಾದ ದೇವಾಲಯದ ದಟ್ಟವಾದ ವನಕ್ಕೆ ಒಯ್ಯುತ್ತದೆ; ಮತ್ತೊಂದು, ತಕೆಶಿತಾ ಎಂಬ ಇಕ್ಕಟ್ಟಾದ ಅಂಗಡಿಬೀದಿಗೆ. ವನವನ್ನು ಮನದಣಿಯೆ ನೋಡಿದ ಬಳಿಕ ನಾನು ಬೀದಿಯ ಕಡೆಗೆ ತಿರುಗಿದೆನು.

ಅಲ್ಲಿ ಎದುರಾದ ಇಬ್ಬರು ತರುಣಿಯರು ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಪಟದಿಂದಲೇ ಇಳಿದು ಬಂದವರಂತಿದ್ದರು. ಗಂಟೆಯಂತೆ ಉಬ್ಬಿದ ಲಂಗ. ಅದು ಕುಸಿಯದಂತೆ ಒಳಗೆ ಪದರಪದರವಾದ ಒಳಲಂಗ. ಕತ್ತಿನವರೆಗೆ ಗುಂಡಿ ಹಾಕಿದ ರವಕೆ. ಅಂಚಿನಲ್ಲೆಲ್ಲ ಲೇಸಿನ ಕೆಲಸ. ಗದ್ದದಡಿಯಲ್ಲಿ ರಿಬ್ಬನ್ನಿನಿಂದ ಬಿಗಿದ ಟೋಪಿ. ಕೈಯಲ್ಲಿ ಪುಟ್ಟ ಕೊಡೆ. ಆದರೆ ಆ ಕಾಲದ ಗೃಹಿಣಿಯರ ಲಂಗವು ನೆಲವನ್ನು ಸೋಕುತ್ತಿತ್ತು. ಇವರದು ಅಂದಿನ ಬಾಲಿಕೆಯರದರಂತೆ ಮೊಣಕಾಲಿನ ಬಳಿ ನಿಲ್ಲುತ್ತದೆ. ಕಾಲಿಗೆ ಉದ್ದನೆಯ ಕಾಲುಚೀಲ. ಈ ವೇಷದಲ್ಲಿ ಅತಿಯುಂಟು, ಅಸಭ್ಯತೆಯಿಲ್ಲ.

ಇದರ ಹೆಸರು ‘ಲೋಲಿಟಾ’. ೧೯೫೫ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಕಾದಂಬರಿಗೂ ಅದೇ ಹೆಸರಿರುವುದರಿಂದ ಪರದೇಶದವರು ಅಪಾರ್ಥ ಮಾಡುವುದುಂಟು. ಆ ಕಥೆಗೂ ತಮಗೂ ಸಂಬಂಧವಿಲ್ಲವೆಂದು ಉಡುವವರು ಹೇಳಿ ಹೇಳಿ ಬೇಸತ್ತಿದ್ದಾರೆ. (ಸಂಸ್ಕೃತದ ‘ಲೋಲ’ ಶಬ್ದಕ್ಕೂ ಇದಕ್ಕೂ ನಂಟಿಲ್ಲವೆಂದು ಹೇಳಹೊರಡುವುದು ಹಳೆಯ ಉಪಾಧ್ಯಾಯನ ಚಾಪಲ್ಯ.)

೧೯೭೦ರ ದಶಕದಲ್ಲಿ ಇಲ್ಲಿಯ ಕೆಲವು ಅಂಗಡಿಗಳಲ್ಲಿ ಮೊಳೆತ ಈ ರುಚಿಯು, ೧೯೯೦ರ ದಶಕದಲ್ಲಿ ಹಬ್ಬಿತು. ಭಾನುವಾರಗಳಂದು ದೇವಾಲಯದ ಸೇತುವೆಯೇ ಇವರ ಸಭಾಮಂಟಪವಾಗಿದ್ದ ಕಾಲವೊಂದಿತ್ತು. ಆ ಸಂದಣಿ ಈಗ ಕರಗಿದೆ. ಹೋಟೆಲುಗಳಲ್ಲಿ ಚಹಾಕೂಟಗಳು ನಡೆಯುತ್ತವೆ. ಒಂದು ಉಡುಪಿಗೆ ೩೦,೦೦೦ ಯೆನ್ ತೆರುವುದು ಅಪರೂಪವಲ್ಲ. ಅಷ್ಟು ಹಣವಿಲ್ಲದವರು ತಾವೇ ಹೊಲಿದುಕೊಳ್ಳಲೆಂದು, ಇವರಿಗಾಗಿಯೇ ೨೦೦೧ರಿಂದ ೨೦೧೭ರವರೆಗೆ ಹೊರಡುತ್ತಿದ್ದ ಪತ್ರಿಕೆಯೊಂದು ಬಟ್ಟೆ ಕತ್ತರಿಸುವ ನಕಾಶೆಗಳನ್ನೂ ಅಚ್ಚುಮಾಡುತ್ತಿತ್ತು.

ವಾಚಕರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬೀದಿಯಾಚೆಯ ಆ ದೇವಾಲಯದಲ್ಲಿ ಚಕ್ರವರ್ತಿಯೊಡನೆ ಪೂಜೆಗೊಳ್ಳುವ ಮಹಾರಾಣಿ ಶೋಕೆನ್ ಅವರು ೧೮೮೬ರಲ್ಲಿ ಪಾಶ್ಚಾತ್ಯ ಉಡುಪನ್ನು ಧರಿಸಲಾರಂಭಿಸಿದರು. ಮರುವರ್ಷ ಅದನ್ನು ಇತರ ಸ್ತ್ರೀಯರಿಗೂ ಶಿಫಾರಸು ಮಾಡುವ ನಿರೂಪವೊಂದನ್ನು ಹೊರಡಿಸಿದರು. ಪುರಾತನ ಜಪಾನಿನ ಸ್ತ್ರೀಯರೂ ಮೇಲಂಗಿಯನ್ನೂ ಲಂಗವನ್ನೂ ಬೇರೆಬೇರೆಯಾಗಿ ಉಡುತ್ತಿದ್ದರು, ಆದುದರಿಂದ ಇದು ಪರಕೀಯವಲ್ಲ, ಆದರೆ ಬಟ್ಟೆ ಮಾತ್ರ ಸ್ವದೇಶದ್ದಾಗಿರಲಿ ಎಂಬುದು ಅದರ ವಾದಸರಣಿ. ನಮ್ಮ ಧರ್ಮಶಾಸ್ತ್ರಿಗಳೂ ತಲೆದೂಗುವಂತಹ ಸಮಾಧಾನ! ಅಸಮಾನವಾದ ಒಪ್ಪಂದಗಳನ್ನು ಹೇರಿದ್ದ ಪಾಶ್ಚಾತ್ಯ ರಾಜ್ಯಗಳ ಮುಂದೆ ದೇಶವು ಸರಿಸಮವಾಗಿ ಕಾಣಬೇಕಾಗಿದ್ದಿತು; ಹೆಂಗಸರ ಉಡುಪು ಅಂದು ರಾಜಕಾರ್ಯವಾಗಿತ್ತು.

ಇಂದಿನವರಿಗೆ ಯಾರ ನಿರೂಪವೂ ಇಲ್ಲ. ವಯಸ್ಸು ಮೀರಿತು, ಇನ್ನಾದರೂ ಬಿಡು ಎನ್ನುವ ಮನೆಯವರುಂಟು, ಬೀದಿಯಲ್ಲಿ ನಗುವವರುಂಟು. ಆದರೂ ಉಡುತ್ತಾರೆ, ಗಂಡಸರ ಮೆಚ್ಚುಗೆಗಾಗಿ ಅಲ್ಲ, ತಮ್ಮ ಸಂತೋಷಕ್ಕಾಗಿ. ವಿನೋದವೆಂದರೆ, ಸರಕಾರವು ಈ ಸಂತೋಷವನ್ನೂ ಬಿಡಲಿಲ್ಲ. ೨೦೦೯ರಲ್ಲಿ ಜಪಾನಿನ ವಿದೇಶಾಂಗ ಇಲಾಖೆಯು ‘ಮುದ್ದು’ತನದ ರಾಯಭಾರಿಗಳೆಂದು ಮೂವರು ತರುಣಿಯರನ್ನು ನೇಮಿಸಿತು. ಅವರಲ್ಲಿ ಲೋಲಿಟಾ ಉಡುಪಿನವರಾದ ಮಿಸಾಕೋ ಅಓಕಿ ಎಂಬವರು ವೃತ್ತಿಯಿಂದ ದಾದಿ.