ಕೈಗೊಡಲಿಯ ಕತೆ ಬರೆದ ಪಾದ್ರಿಗೆ

ಪೂಜ್ಯ ಪಾದ್ರಿ ಮೇಸನ್ ಲಾಕ್ ವೀಮ್ಸ್ ಅವರೇ,

ನೀವು ತೀರಿಕೊಂಡು ಇನ್ನೂರು ವರ್ಷವಾಯಿತು. ಆದರೂ ನೀವು ಬರೆದ ಒಂದು ಪ್ರಸಂಗವನ್ನು ನಮ್ಮ ಕನ್ನಡ ಶಾಲೆಯ ಮೇಷ್ಟ್ರುಗಳೂ ನೀತಿಪಾಠದ ಹೊತ್ತಿನಲ್ಲಿ ಹೇಳಿದ್ದಾರೆ. ಆರು ವರ್ಷದ ಜಾರ್ಜ್ ವಾಷಿಂಗ್ಟನ್, ಅವನಿಗೆ ಸಿಕ್ಕ ಹೊಸ ಕೈಗೊಡಲಿ, ಅಪ್ಪನ ಮೆಚ್ಚಿನ ಚೆರ್ರಿ ಗಿಡ, ಸುಳ್ಳಾಡದೆ ಒಪ್ಪಿಕೊಂಡ ತಪ್ಪು. ಹೇಳಿದವರಿಗೂ ಕೇಳಿದವರಿಗೂ ನಿಮ್ಮ ಹೆಸರು ಗೊತ್ತಿರಲಿಲ್ಲ. ಗಿಡ ನೆಲಕ್ಕುರುಳಿತು ಎಂದೇ ಎಲ್ಲರೂ ಹೇಳುತ್ತಾರೆ. ನೀವು ಬರೆದದ್ದು ಹುಡುಗ ಅದರ ತೊಗಟೆಯನ್ನು ಕೊಚ್ಚಿಹಾಕಿದ ಎಂದಷ್ಟೇ.

ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಕಣ್ಮುಚ್ಚಿದ್ದು 1799ರ ಡಿಸೆಂಬರ್ 14ರಂದು. ಮರುತಿಂಗಳೇ ನೀವು ಫಿಲಡೆಲ್ಫಿಯಾದ ಪ್ರಕಾಶಕ ಮ್ಯಾಥ್ಯೂ ಕೇರಿಗೆ ಪತ್ರ ಬರೆದಿರಿ. ವಾಷಿಂಗ್ಟನ್ ಬಗ್ಗೆ ಓದಲು ಜನ ಹಾತೊರೆಯುತ್ತಿದ್ದಾರೆ, ಪುಸ್ತಕ ಬೇಗ ಖರ್ಚಾಗುತ್ತದೆ ಎಂದು ತಿಳಿಸಿದಿರಿ. ನಿಮ್ಮನ್ನು ದುಡ್ಡಿನಾಸೆಯ ಮನುಷ್ಯ ಎಂದು ಜರೆಯುವವರ ಜೊತೆ ನಾನಿಲ್ಲ. ಊರೂರು ಸುತ್ತಿ, ಸಂತೆಯಲ್ಲಿ, ಕೋರ್ಟಿನ ಅಂಗಳದಲ್ಲಿ ನಿಂತು ಪುಸ್ತಕ ಮಾರಿ, ಹಳ್ಳಿಗಾಡಿನ ಮನೆಗಳಿಗೆ ಓದನ್ನು ತಲುಪಿಸಿದವರು ನೀವು. ಮಕ್ಕಳ ವಿಷಯದಲ್ಲಿ ನಿಮಗೆ ಹೊಳೆದದ್ದು ದೊಡ್ಡ ಮಾತು. ಎಲ್ಲ ಹುಡುಗರೂ ಸೇನಾಪತಿಗಳಾಗುವುದಿಲ್ಲ, ಅಧ್ಯಕ್ಷರಾಗುವುದಿಲ್ಲ. ಹಾಗಾಗಿ ಅವರಿಗೆ ಮನೆಯೊಳಗಿನ ವಾಷಿಂಗ್ಟನ್ ಬೇಕು ಎಂದಿರಿ. ಇಂದಿಗೂ ಮಕ್ಕಳಿಗಾಗಿ ಅಧ್ಯಕ್ಷರ ಚರಿತ್ರೆ ಬರೆಯುವವರೆಲ್ಲ ನೀವು ತೆರೆದ ಬಾಗಿಲಿನಿಂದಲೇ ಒಳಗೆ ಬರುತ್ತಾರೆ.

ಆದರೆ 1800ರ ಮೊದಲ ಮುದ್ರಣದಲ್ಲಿ ಚೆರ್ರಿ ಗಿಡವಿರಲಿಲ್ಲ. ಅದು ಬಂದದ್ದು 1806ರ ಐದನೆಯ ಮುದ್ರಣಕ್ಕೆ. ಸಾಕ್ಷಿಯಾಗಿ ನೀವು ನಿಲ್ಲಿಸಿದ್ದು ವಾಷಿಂಗ್ಟನ್ ಮನೆಯ ದೂರದ ನೆಂಟಳೆಂಬ ಒಬ್ಬ ವೃದ್ಧೆಯನ್ನು. ಆಕೆಗೆ ಹೆಸರೂ ಇಲ್ಲ. ಮುಖಪುಟದಲ್ಲಿ ವಾಷಿಂಗ್ಟನ್ನರ ಮನೆಯ ಹೆಸರು ಹೊತ್ತ ‘ಮೌಂಟ್ ವರ್ನನ್ ಪ್ಯಾರಿಷ್’ನ ಮಾಜಿ ಪಾದ್ರಿ ಎಂದು ಹಾಕಿಕೊಂಡಿರಿ. ಆ ಹೆಸರಿನ ಚರ್ಚ್ ವಲಯ ಎಲ್ಲೂ ಇರಲಿಲ್ಲ.

ಸತ್ಯವನ್ನು ಸಾರುವ ಕತೆಗಳು ನಮ್ಮಲ್ಲೂ ಇವೆ. ಪುಣ್ಯಕೋಟಿಯ ಹಾಡು ಕೇಳಿ ಕಣ್ಣೊರೆಸಿಕೊಳ್ಳುವ ಮಗು ಆ ಹಸು ಯಾವ ಇಸವಿಯಲ್ಲಿತ್ತೆಂದು ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ಕತೆಯಾಗಿಯೇ ನಮ್ಮ ಮುಂದೆ ನಿಂತಿದೆ. ನೀವು ಬರೆದದ್ದು ಜೀವನಚರಿತ್ರೆ. ಇದು ನಡೆದದ್ದು ಎಂದು ನಂಬಿ ಮಗು ಪುಟ ತಿರುವುತ್ತದೆ. ಬೆಳೆದ ಮೇಲೆ ಅದು ಕಟ್ಟುಕತೆ ಎಂದು ಗೊತ್ತಾದಾಗ ಅನುಮಾನ ಬೀಳುವುದು ನಿಮ್ಮ ಮೇಲಲ್ಲ, ವಾಷಿಂಗ್ಟನ್ ಮೇಲೆ. ಪಾಪ, ಆ ಕತೆ ಹುಟ್ಟಿದಾಗ ಅವರು ಬದುಕಿರಲೂ ಇಲ್ಲ.

ನಿಮ್ಮ ಪುಸ್ತಕವನ್ನು ಓದಿದ ಹಳ್ಳಿಹುಡುಗರಲ್ಲಿ ಅಬ್ರಹಾಂ ಲಿಂಕನ್ ಒಬ್ಬ. 1861ರ ಫೆಬ್ರುವರಿ 21ರಂದು, ಅಧ್ಯಕ್ಷಗಿರಿ ವಹಿಸಿಕೊಳ್ಳಲು ಹೋಗುವ ದಾರಿಯಲ್ಲಿ, ಟ್ರೆಂಟನ್ನಿನ ಶಾಸನಸಭೆಯ ಮುಂದೆ ಅವರು ನಿಮ್ಮ ಹೆಸರೆತ್ತಿದರು. ಅವರಿಗೆ ನೆನಪಾದದ್ದು ಚೆರ್ರಿ ಗಿಡವಲ್ಲ. ವಾಷಿಂಗ್ಟನ್ನರ ಸೈನ್ಯ ನದಿ ದಾಟಿದ್ದು, ಜರ್ಮನಿಯ ಕೂಲಿ ಸೈನಿಕರೊಡನೆ ನಡೆದ ಕಾಳಗ, ಆ ಸೈನ್ಯದ ಜನ ಪಟ್ಟ ಪಾಡು. ಇಷ್ಟೆಲ್ಲ ಕಷ್ಟ ಸಹಿಸಬೇಕಾದರೆ ಅವರ ಮುಂದೆ ಏನೋ ದೊಡ್ಡದೇ ಇದ್ದಿರಬೇಕು ಎಂದು ಆಗ, ಅಷ್ಟು ಚಿಕ್ಕವನಾದರೂ ತನಗೆ ಅನಿಸಿತ್ತು ಎಂದರು. ನಡೆದದ್ದನ್ನು ನಡೆದ ಹಾಗೆ ಹೇಳಿದ ಭಾಗವೇ ಆ ಹುಡುಗನ ಎದೆಗೆ ತಾಕಿತ್ತು. ನಿಮ್ಮ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.

ನಿಜವಾದ ಜಾರ್ಜ್ ಎಂಥ ಹುಡುಗನೆಂದು ಅವನ ಕೈಬರಹವೇ ಹೇಳುತ್ತದೆ. ಅಪ್ಪ ಸತ್ತಾಗ ಅವನಿಗೆ ಹನ್ನೊಂದು ವರ್ಷ. ಅಣ್ಣಂದಿರು ಇಂಗ್ಲೆಂಡಿನಲ್ಲಿ ಓದಿದವರು, ಇವನಿಗೆ ಆ ಯೋಗ ಬರಲಿಲ್ಲ. ನಾಲ್ಕು ಜನರ ನಡುವೆ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂಬ 110 ನಿಯಮಗಳನ್ನು ತನ್ನ ನೋಟ್‌ಪುಸ್ತಕದಲ್ಲಿ ನಕಲು ಮಾಡಿಕೊಂಡ. 1748ರ ಮಾರ್ಚಿನಲ್ಲಿ, ಹದಿನಾರರ ವಯಸ್ಸಿನಲ್ಲಿ, ಜಮೀನು ಅಳೆಯುವ ಸರ್ವೆ ತಂಡದ ಜೊತೆ ಬೆಟ್ಟ ದಾಟಿ ಹೋದ. ದಾರಿಯಲ್ಲಿ ಒಂದು ಮನೆಯಲ್ಲಿ ರಾತ್ರಿ ಕಳೆಯಬೇಕಾಯಿತು. ಮಲಗಲೆಂದು ಬಟ್ಟೆ ಕಳಚಿ ನೋಡಿದರೆ ಹಾಸಿಗೆ ಎಂದರೆ ಮುದ್ದೆಗಟ್ಟಿದ ಹುಲ್ಲು, ಮೇಲೆ ಹಾಸುಬಟ್ಟೆಯಿಲ್ಲ, ಹೊದೆಯಲು ಒಂದೇ ಹರುಕು ಕಂಬಳಿ. ಕಂಬಳಿಯ ತೂಕಕ್ಕಿಂತ ಅದರಲ್ಲಿದ್ದ ಹೇನು ಚಿಗಟಗಳ ತೂಕವೇ ಹೆಚ್ಚು. ಎದ್ದು ಬಟ್ಟೆ ಹಾಕಿಕೊಂಡ. ಇನ್ನು ಇಂಥ ಹಾಸಿಗೆಗಿಂತ ಬಯಲಲ್ಲಿ ಬೆಂಕಿಯ ಪಕ್ಕ ಮಲಗುವುದೇ ಮೇಲು ಎಂದು ದಿನಚರಿಯಲ್ಲಿ ಬರೆದಿಟ್ಟ. ಈ ಪುಟವನ್ನು ಹತ್ತು ವರ್ಷದ ಯಾವ ಮಗುವಿನ ಕೈಗಾದರೂ ಕೊಡಿ. ಬಾಯ್ತುಂಬ ನಕ್ಕು, ಮುಂದೇನಾಯಿತು ಎಂದು ಕೇಳುತ್ತದೆ.

ಅಪ್ಪನ ಸಾವಿನಿಂದ ಆ ಹುಡುಗನ ಪಾಲಿಗೆ ಬಂದದ್ದು ಬರಿಯ ಹೊಲವಲ್ಲ, ಹತ್ತು ಮಂದಿ ಗುಲಾಮರೂ ಬಂದರು. 1939ರಲ್ಲಿ ಗ್ರಾಂಟ್ ವುಡ್ ಎಂಬ ಚಿತ್ರಕಾರ ನಿಮ್ಮ ಕತೆಯನ್ನು ಚಿತ್ರವಾಗಿ ಬರೆದ. ಅದರಲ್ಲಿ ನೀವು ಪರದೆ ಸರಿಸಿ ನಿಂತಿದ್ದೀರಿ. ಪುಟ್ಟ ಹುಡುಗನ ಮೈಗೆ ಡಾಲರ್ ನೋಟಿನ ಮೇಲಿರುವ ಆ ಮುದಿ ವಾಷಿಂಗ್ಟನ್ನರ ತಲೆ. ಹಿಂದೆ ದೂರದಲ್ಲಿ ಕಪ್ಪುಬಣ್ಣದ ಇಬ್ಬರು ಇನ್ನೊಂದು ಮರದ ಹಣ್ಣು ಕೀಳುತ್ತಿದ್ದಾರೆ. ಆ ಇಬ್ಬರು ನಿಮ್ಮ ಕತೆಯಲ್ಲಿ ಇಲ್ಲ. ನಿಮ್ಮ ಹಾದಿಯಲ್ಲಿ ಬಂದವರೂ ಬಹಳ ಕಾಲ ಅವರತ್ತ ನೋಡಲಿಲ್ಲ. 2016ರ ಜನವರಿಯಲ್ಲಿ ಮಕ್ಕಳಿಗಾಗಿ ಒಂದು ಸಚಿತ್ರ ಪುಸ್ತಕ ಬಂತು. ವಾಷಿಂಗ್ಟನ್ನರ ಹುಟ್ಟುಹಬ್ಬಕ್ಕೆ ಕೇಕು ಮಾಡುವ ಗುಲಾಮ ಬಾಣಸಿಗ ಹರ್ಕ್ಯುಲಿಸ್ ಅದರಲ್ಲಿ ನಗುನಗುತ್ತ ಇದ್ದ. ಓದುಗರು ಸಿಟ್ಟಾದರು, ಪ್ರಕಾಶಕರು ಅದೇ ತಿಂಗಳು ಪುಸ್ತಕವನ್ನು ಹಿಂದಕ್ಕೆ ಪಡೆದರು. ನಿಜವಾದ ಹರ್ಕ್ಯುಲಿಸ್ 1797ರಲ್ಲಿ ಅದೇ ಹುಟ್ಟುಹಬ್ಬದ ದಿನ ತಪ್ಪಿಸಿಕೊಂಡು ಹೋಗಿದ್ದರು.

ಇಷ್ಟೆಲ್ಲ ಬರೆದದ್ದು ಒಬ್ಬ ಹೆಣ್ಣುಮಗಳ ಮಾತು ಹೇಳಲಿಕ್ಕೆ. ಓನಾ ಜಡ್ಜ್ ವಾಷಿಂಗ್ಟನ್ನರ ಪತ್ನಿ ಮಾರ್ಥಾ ಅವರ ಸೇವೆಯಲ್ಲಿ ಗುಲಾಮಳಾಗಿದ್ದವರು. 1796ರ ಮೇ ತಿಂಗಳಲ್ಲಿ, ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯವರು ಊಟಕ್ಕೆ ಕೂತಿದ್ದಾಗ ಬಾಗಿಲು ದಾಟಿ ಹೊರಟುಹೋದರು. ಅಧ್ಯಕ್ಷರು ಅಧಿಕಾರಿಗಳ ಮೂಲಕ ಹುಡುಕಿಸಿದರೂ ಆಕೆ ಕೈಗೆ ಸಿಗಲಿಲ್ಲ. ನ್ಯೂ ಹ್ಯಾಂಪ್‌ಷೈರಿನಲ್ಲಿ ಮದುವೆಯಾದರು, ಓದು ಕಲಿತರು, 1848ರವರೆಗೆ ಬಡತನದಲ್ಲೇ ಬಾಳಿದರು. ನೀವು ನಿಮ್ಮ ಪುಸ್ತಕವನ್ನು ತಿದ್ದಿ, ಹಿಗ್ಗಿಸಿ, ಮತ್ತೆ ಮತ್ತೆ ಅಚ್ಚು ಹಾಕಿಸಿದ ಅಷ್ಟೂ ವರ್ಷ ಆಕೆ ಬದುಕಿದ್ದರು. ವಾಷಿಂಗ್ಟನ್ ಮನೆಯ ಒಳಗನ್ನು ಹತ್ತಿರದಿಂದ ಕಂಡಿದ್ದ ಹೆಂಗಸು, ಹೆಸರಿದ್ದ ಸಾಕ್ಷಿ. 1840ರ ದಶಕದಲ್ಲಿ ಪತ್ರಿಕೆಯವರು ಹೋಗಿ ಕೇಳಿದಾಗ, ಬಿಟ್ಟುಬಂದದ್ದಕ್ಕೆ ತನಗೆ ಬೇಸರವಿಲ್ಲ, ತಾನು ಸ್ವತಂತ್ರಳು ಎಂದರು. ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ ಆಕೆಯ ಕುರಿತು ಬರೆದ ಪುಸ್ತಕದ ಮಕ್ಕಳ ಆವೃತ್ತಿ 2019ರಲ್ಲಿ ಬಂದಿದೆ, ಮಕ್ಕಳು ಓದುತ್ತಿದ್ದಾರೆ. ನಿಮಗೆ ತಿಳಿಸಬೇಕೆನಿಸಿತು.

ಇಂತಿ,
ನಿಮ್ಮ ಕತೆ ಕೇಳಿ ಬೆಳೆದ ಒಬ್ಬ ಕನ್ನಡಿಗ