ಹಳ್ಳ ಬಂದೈತಿ

ಮಳಿಗಾಲ ಸುರುವಾದ್ರ ಸಾಕು, ನಮ್ಮನ್ಯಾಗ ವೈನಿ ಚಪ್ಪಲಿ ಸುದ್ದಿ ಬಂದ ಬರತೈತಿ. ಇವತ್ತ ನಿಮಗೂ ಹೇಳಿಬಿಡತೀನಿ.

ನನ್ನ ತವರಮನಿ ಖಾನಾಪುರ ತಾಲೂಕಿನ್ಯಾಗ. ವೈನಿ ಮೈಸೂರು ಕಡೆಯಾಕಿ. ಲಗ್ನಾಗಿ ಬಂದ ಮೊದಲನೇ ಮಳಿಗಾಲ. ಅಣ್ಣ ನಸುಕಿನ್ಯಾಗ ಹೊಲಕ್ಕ ಹೋಗಿದ್ದ. ಅವ್ವ, "ಹಳ್ಳ ಬಂದೈತಿ, ಬುತ್ತಿ ಒಯ್ಯೂದು ಬ್ಯಾಡವಾ" ಅಂದು ಕೊಟಗಿಗೆ ಹೋದ್ಲು. ವೈನಿ ಹೂಂ ಅಂದ್ಲು. ಆದ್ರ ಅವರ ಕಡೆ ಹಳ್ಳ ಅಂದ್ರ ತಗ್ಗು. ದಾರ್ಯಾಗ ತಗ್ಗು ಬಿದ್ದಿದ್ರ ಬಾಜೂಕ ಹಾದು ಹೋದ್ರಾತು, ಗಂಡ ಉಪವಾಸ ಯಾಕ ಇರಬೇಕು ಅಂತ ಬುತ್ತಿ ಕಟಗೊಂಡು ಹೊಂಟೇಬಿಟ್ಲು.

ಕೆಂಪು ನೀರು ನೋಡಿ, ಮೊಣಕಾಲತನಕ ಇದ್ದೀತು ಅಂತ ಇಳದಾಳ. ದಂಡಿ ಮ್ಯಾಲಿದ್ದ ಬಾಜೂ ಮನಿ ಕಾಕು "ಓಢಾ ಆಲಾಯ!" ಅಂತ ಮರಾಠಿಯೊಳಗ ಚೀರಿದ್ರು. ವೈನಿಗೆ ಅದೂ ತಿಳೀಲಿಲ್ಲ. ಕಡೀಕ ಕಾಕು ಓಡಿಬಂದು ರಟ್ಟಿ ಹಿಡದು ಜಗ್ಗಿದ್ರು. ಬುತ್ತಿ, ಒಂದು ಚಪ್ಪಲಿ ನೀರಿನ ಪಾಲಾತು.

ಅವ್ವ ಅವತ್ತ ಊಟಾ ಮಾಡಲಿಲ್ಲ. "ಹೇಳಿದ್ನೆಲ್ಲವಾ" ಅಂತ ಅತ್ತಳು. ವೈನಿ, "ಹೇಳಿದ್ರಿ ಅತ್ತೆ. ಹಳ್ಳ ಹೇಗೆ ಬರುತ್ತೆ ಅಂತ ನನಗೇ ಗೊತ್ತಾಗ್ಲಿಲ್ಲ" ಅಂದ್ಲು.

ಆ ಮಾತು ನನ್ನ ತಲಿಯೊಳಗ ಕುಂತು ಬಿಡ್ತು. ನಮಗ ಹಳ್ಳ ಅಂದ್ರ ನೀರಿನ ದಾರಿ. ಬ್ಯಾಸಗ್ಯಾಗ ಬತ್ತಿ ಬರೇ ಉಸುಕು ಉಳದ್ರೂ ಅದು ಹಳ್ಳನ. ಅಲ್ಲೇ ವರ್ತಿ ತೋಡಿ ಕೊಡ ತುಂಬತೀವಿ. ಮಳಿ ಬಿದ್ದು ನೀರು ಏರಿದ್ರ "ಹಳ್ಳ ಬಂತು" ಅಂತೀವಿ. ದೊಡ್ಡದಾದ್ರ ಹೊಳಿ. ಕಣಕುಂಬಿಯೊಳಗ ಹುಟ್ಟೋ ಮಲಪ್ರಭಾ ನಮಗ ಬರೇ ಹೊಳಿ. ಪೇಪರಿನ್ಯಾಗ "ಕಳಸಾ-ಬಂಡೂರಿ ನಾಲಾ" ಅಂತ ಬರೀತಾರಲ್ಲ, ಅವೂ ನಮ್ಮ ತಾಲೂಕಿನ ಹಳ್ಳಗಳೇ.

ಈಗ ನಾ ಬೆಳಗಾವ್ಯಾಗ ಇದೀನಿ. ಇಲ್ಲಿ ಬಳ್ಳಾರಿ ನಾಲಾ ಐತಿ. ನನ್ನ ಮಗಳಿಗೆ ನಾಲಾ ಅಂದ್ರ ಗಟಾರ, ಮೂಗು ಮುಚಗೋತಾಳ. 2019ರ ಆಗಸ್ಟಿನ್ಯಾಗ ಊರತುಂಬ ನೀರು ಹೊಕ್ಕಾಗ, "ಅವ್ವಾ, ಗಟಾರ ಯಾಕ ಇಷ್ಟು ತುಂಬೈತಿ?" ಅಂತ ಕೇಳಿದ್ಲು. "ಗಟಾರ ಅಲ್ಲವಾ, ಹಳ್ಳ ಬಂದೈತಿ. ಅದರ ದಾರಿ ಅದಕ್ಕ ನೆನಪೈತಿ, ನಾವ ಮರತೀವಿ" ಅಂದೆ.

ಅವ್ವ ಈಗ ಯಾರಿಗೇ ಹೇಳಲಿ, ಎರಡು ಸಲ ಹೇಳತಾಳ: "ಹಳ್ಳ ಬಂದೈತಿ. ನೀರು ಜೋರ ಹರ್ಯಾಕತ್ತೈತಿ, ಇಳೀಬ್ಯಾಡ್ರಿ." ನಿಮ್ಮನಿಗೂ ದೂರದ ಊರಿನ ಸೊಸಿ ಬಂದಿದ್ರ, ಮಳಿಗಿಂತ ಮೊದಲ ಈ ಒಂದು ಮಾತು ಬಿಡಿಸಿ ಹೇಳ್ರಿ.