ಏನು ಚೆಲ್ಲಿದೆ ಎಂದು ಕೇಳುತ್ತಿದ್ದ ಕಾಕಾ

ಹನ್ನೆರಡನೇ ತರಗತಿಯಲ್ಲಿರುವ ಮೊಮ್ಮಗಳು ಮೊನ್ನೆ ಕೇಳಿದಳು: ‘ಎಣ್ಣೆ ನೀರಿನಲ್ಲಿ ಯಾಕೆ ಕರಗಲ್ಲ ಅಜ್ಜಾ?’ ಅದನ್ನು ನಾನು ಕಾಲೇಜಿನಲ್ಲಿ ಓದಿದ್ದೆ ನಿಜ, ಆದರೆ ಕಲಿತದ್ದು ಪುಣೆ ಕ್ಯಾಂಪಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ.

ಎಪ್ಪತ್ತರ ದಶಕ. ಸಂಜೆ ಅಲ್ಲಿ ಚೀಟಿ ಬರೆಯುತ್ತಿದ್ದೆ. ಪೆಟ್ರೋಲ್ ವಾಶಿನ ವಾಸನೆ ಅಂಗಿಗೆ ಹತ್ತಿ ರಾತ್ರಿ ಊಟದ ತಟ್ಟೆಯವರೆಗೂ ಬರುತ್ತಿತ್ತು. ಕಲೆ ತೆಗೆಯುವವರು ಬಿಜಾಪುರದ ಕಡೆಯ ಹಿರಿಯರು, ಎಲ್ಲರಿಗೂ ಕಾಕಾ. ಗಿರಾಕಿ ಚೌಕಾಶಿಗೆ ಇಳಿದರೆ ಅವರದು ಒಂದೇ ಮಾತು: ‘ಏನ್ ಚೆಲ್ಲೇತಿ ಖರೇ ಹೇಳ್ರಿ, ಎಂಟಾಣೆ ಬಿಡ್ತೀನಿ.’

ಮದುವೆಯ ಮರುದಿನ ಬಂದ ಇಳಕಲ್ ಸೀರೆಯೊಂದು ನೆನಪಿದೆ. ಸೆರಗಿನ ಮೇಲೆ ಜಾಮೂನು ಬಿದ್ದಿತ್ತು. ಕಾಕಾ ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಬಣ್ಣ ಬಿಡುತ್ತದೆಯೇ ನೋಡಿದರು. ಕಲೆಯ ಕೆಳಗೆ ಬಿಳಿ ಅರಿವೆ ಇಟ್ಟು, ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯಿಂದ ಅಂಚಿನಿಂದ ನಡುವಿಗೆ ಒತ್ತುತ್ತ ಬಂದರು. ತುಪ್ಪದ ಜಿಡ್ಡು ಕೆಳಗಿಳಿಯಿತು, ಪಾಕದ ಅಂಟು ಅಲ್ಲೇ ಉಳಿಯಿತು. ಪೆಟ್ರೋಲ್ ಆರಿದ ಮೇಲೆ ಹಿಂಡಿದ ಒದ್ದೆ ಬಟ್ಟೆ ಒತ್ತಿದರು, ಅಂಟೂ ಹೋಯಿತು.

ನೀರಿನ ಅಣುವಿನಲ್ಲಿ ಒಂದು ಬದಿಗೆ ತುಸು ಋಣ, ಇನ್ನೊಂದು ಬದಿಗೆ ತುಸು ಧನ ವಿದ್ಯುತ್ತು, ಇದೇ ಧ್ರುವೀಯತೆ. ಸಕ್ಕರೆಯ ಅಣುವೂ ಅಂಥದ್ದೇ, ಹಾಗಾಗಿ ನೀರು ಅದನ್ನು ಸೆಳೆದುಕೊಳ್ಳುತ್ತದೆ. ತುಪ್ಪದ ಉದ್ದನೆಯ ಇಂಗಾಲದ ಸರಪಳಿಗಳಲ್ಲಿ ಈ ಗುಣ ಇಲ್ಲವೆನ್ನುವಷ್ಟು ಕಡಿಮೆ, ಪೆಟ್ರೋಲಿನಲ್ಲೂ ಹಾಗೆಯೇ. ಆದ್ದರಿಂದ ಅವೆರಡೂ ಬೆರೆಯುತ್ತವೆ. ರೇಷ್ಮೆ ನೂಲು ನೀರು ಹೀರಿ ಉಬ್ಬುತ್ತದೆ, ಪೆಟ್ರೋಲಿಗೆ ಉಬ್ಬುವುದಿಲ್ಲ. ಡ್ರೈಕ್ಲೀನಿಂಗ್ ಕಸುಬು ನಿಂತಿರುವುದೇ ಇದರ ಮೇಲೆ. ಅಸಿಟೋನ್ ನಡುವಿನದು: ನೀರಿಗೂ ಸೇರುತ್ತದೆ, ಉಗುರುಬಣ್ಣವನ್ನೂ ಕರಗಿಸುತ್ತದೆ. ಅಸಿಟೇಟ್ ಬಟ್ಟೆಯನ್ನೂ ಕರಗಿಸುವುದರಿಂದ ಆ ಸೀಸೆಯನ್ನು ಕಾಕಾ ಯಾರ ಕೈಗೂ ಕೊಡುತ್ತಿರಲಿಲ್ಲ.

ಮೊಂಡು ಜಿಡ್ಡಿಗೆ ಕಾರ್ಬನ್ ಟೆಟ್ರಾಕ್ಲೋರೈಡ್. ಅದರ ನಾಲ್ಕು ಕ್ಲೋರಿನ್‌ಗಳೂ ಇಂಗಾಲವನ್ನು ನಾಲ್ಕು ದಿಕ್ಕಿಗೆ ಸಮನಾಗಿ ಜಗ್ಗುವುದರಿಂದ ಒಟ್ಟು ಅಣು ಧ್ರುವೀಯವಲ್ಲ. ಜಿಡ್ಡನ್ನು ಕರಗಿಸುತ್ತದೆ, ಬೆಂಕಿಯೂ ಹತ್ತುವುದಿಲ್ಲ.

ಆ ಕಾಲವೇ ಚಂದ ಎಂದರೆ ಸುಳ್ಳಾಗುತ್ತದೆ. ಪೆಟ್ರೋಲಿನ ಡಬ್ಬಗಳ ನಡುವೆ ಒಂದು ಕಿಡಿ ಬಿದ್ದಿದ್ದರೆ ಅಂಗಡಿಯೇ ಇರುತ್ತಿರಲಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತನ್ನು ಕೆಡಿಸುತ್ತದೆ, ಓಜೋನ್ ಪದರವನ್ನೂ ತಿನ್ನುತ್ತದೆ. ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ಇಂಥ ಬಳಕೆ ನಿಂತದ್ದು ಒಳ್ಳೆಯದೇ ಆಯಿತು. ಕಾಕಾ ಕೈಗವಸಿಲ್ಲದೆ ದುಡಿದರು. ಸಂಜೆಯಾದರೆ ತಲೆ ಹಿಡಿದುಕೊಂಡು ಕೂರುತ್ತಿದ್ದರು.

ಈಗ ಬಾಗಿಲು ಮುಚ್ಚಿದ ಯಂತ್ರಗಳು ಬಂದಿವೆ. ಆದರೆ ಕೌಂಟರಿನಲ್ಲಿ ಕೇಳುವುದು ಮೊಬೈಲ್ ನಂಬರು ಮಾತ್ರ. ‘ಕಲೆ ಹೋಗದಿದ್ದರೆ ನಾವು ಹೊಣೆಯಲ್ಲ’ ಎಂದು ರಸೀತಿಯಲ್ಲೇ ಅಚ್ಚು ಹಾಕಿರುತ್ತಾರೆ. ವಿಷ ಹೋಗಬೇಕಿತ್ತು, ಹೋಯಿತು. ಅದರ ಜೊತೆ ವಿದ್ಯೆಯೂ ಹೋಗಬೇಕಿರಲಿಲ್ಲ. ಇನ್ನು ಮುಂದೆ ರೇಷ್ಮೆ ಸೀರೆ ಕೊಡುವಾಗ, ಅವರು ಕೇಳದಿದ್ದರೂ, ಅದರ ಮೇಲೆ ಏನು ಚೆಲ್ಲಿದೆ ಎಂದು ನೀವಾಗಿಯೇ ಹೇಳಿ.